ಗೃಹಲಕ್ಷ್ಮಿ ಬಂದ ಮೇಲೆ ಚರ್ಚ್‌ನ ಅಕ್ಕಿ ಯಾಕೆ?

ಮಂಡಿ ಮೊಹಲ್ಲಾದವಳು, ಮೈಸೂರು:
ನಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಲೆಕ್ಕ ಬರೆಯುವವಳು ನಾನು. ಕಷ್ಟದಲ್ಲಿರುವ ಕೆಲವು ಮನೆಗಳಿಗೆ ತಿಂಗಳಿಗೊಮ್ಮೆ ಅಕ್ಕಿ, ಬೇಳೆ, ಎಣ್ಣೆ ಕೊಡುತ್ತೇವೆ. ಮೊನ್ನೆ ಹಿರಿಯರೊಬ್ಬರು ಎದ್ದು, "ಅನ್ನಭಾಗ್ಯ ಇದೆ, ಗೃಹಲಕ್ಷ್ಮಿಯ ಎರಡು ಸಾವಿರ ಇದೆ, ಇನ್ನು ನಮ್ಮ ಮೂಟೆ ಯಾರಿಗೆ? ಗಂಟೆಗೋಪುರಕ್ಕೆ ಬಣ್ಣ ಹೊಡೆಸೋಣ" ಎಂದರು. ಬಹಳ ಜನ ತಲೆಯಾಡಿಸಿದರು. ನನಗೆ ಸಿಟ್ಟು ಬಂತು, ಉತ್ತರ ಮಾತ್ರ ಬರಲಿಲ್ಲ.

ನಮ್ಮ ಬೀದಿಯ ಒಂದು ಮನೆಯವರು ಮದುವೆ ಕರೆಯೋಲೆ ಮುದ್ರಿಸುತ್ತಿದ್ದರು. ಈಗ ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲೇ ಕರೆಯುತ್ತಾರೆ, ಅಂಗಡಿ ಮುಚ್ಚಿತು. ಎಪಿಎಲ್ ಕಾರ್ಡ್ ಆದ್ದರಿಂದ ಅಕ್ಕಿ ಇಲ್ಲ. ಗಂಡನ ಹೆಸರಿನ ಜಿಎಸ್‌ಟಿ ನೋಂದಣಿ ಇನ್ನೂ ಉಳಿದಿರುವುದರಿಂದ ಹೆಂಡತಿಗೆ ಗೃಹಲಕ್ಷ್ಮಿಯೂ ಇಲ್ಲ. ಕಡತದಲ್ಲಿ ಅವರು ವ್ಯಾಪಾರಿಗಳು, ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟ. ಇಂಥವರನ್ನು ನೋಡಿಕೊಳ್ಳುವುದು ಯಾರ ಕೆಲಸ?

ಮೇಷ್ಟ್ರು, ನಾಗಮಂಗಲ:
ಮಠದ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವನು ನಾನು. ಆ ಋಣ ತೀರುವುದಲ್ಲ. ಆದರೂ ಸರ್ಕಾರದ ಕೆಲಸವೆಂದೇ ಹೇಳುತ್ತೇನೆ. ತಲೆಗೆ ಐದು ಕಿಲೋ ಧಾನ್ಯ 2013ರ ಆಹಾರ ಭದ್ರತಾ ಕಾಯ್ದೆಯಿಂದ ಬಂದ ಹಕ್ಕು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದರೆ ಸಾಕು, ಯಾರ ಪಾದಕ್ಕೂ ಬೀಳಬೇಕಾಗಿಲ್ಲ. ರಾಜ್ಯದ ಉದ್ದಗಲಕ್ಕೆ ಪ್ರತಿ ತಿಂಗಳು ಅಷ್ಟು ಅಕ್ಕಿ ಹಂಚುವುದು ಯಾವ ಮಠಕ್ಕೂ, ಯಾವ ಚರ್ಚ್‌ಗೂ ಆಗದು.

ತೆರಿಗೆ ಸಲಹೆಗಾರ, ಮಂಡ್ಯ:
ಮೇಷ್ಟ್ರೇ, ಹಕ್ಕು ಸರಿ. ಆದರೆ ಈ ಮನೆಯವರು ಆ ಪಟ್ಟಿಯಲ್ಲೇ ಇಲ್ಲವಲ್ಲ.

ಮೇಡಂ, ನೋಂದಣಿಯನ್ನು ರದ್ದು ಮಾಡಿಸಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಇಜಿ-16 ಎಂಬ ಅರ್ಜಿ ಇದೆ. ಅದಕ್ಕೆ ಮೊದಲು ಬಾಕಿ ರಿಟರ್ನ್‌ಗಳನ್ನು (ವ್ಯಾಪಾರ, ತೆರಿಗೆಯ ಲೆಕ್ಕಪತ್ರ) ಸಲ್ಲಿಸಿ, ವಿಳಂಬ ಶುಲ್ಕ ಕಟ್ಟಬೇಕು. ಅಂಗಡಿ ಮುಚ್ಚಿದವರು ಎಡವುವುದು ಇಲ್ಲಿಯೇ: ರದ್ದತಿಗೆ ದುಡ್ಡಿಲ್ಲ, ರದ್ದಾಗದೆ ದುಡ್ಡು ಬರುವುದಿಲ್ಲ. ನಿಮ್ಮ ಸಭೆ ಆ ಶುಲ್ಕ ಕಟ್ಟಲಿ. ರದ್ದತಿ ಆದೇಶ ಹಿಡಿದು ಆಕೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಗೃಹಲಕ್ಷ್ಮಿಗೆ ಕೇಳಲಿ. ಅಲ್ಲಿಯವರೆಗೆ ಮೂಟೆ ನಿಲ್ಲಿಸಬೇಡಿ, ಆದೇಶ ಬರುವ ತನಕ ಹಸಿವು ಕಾಯುವುದಿಲ್ಲ.

ಗಾಂಧಿನಗರದವನು, ಮೈಸೂರು:
ಅಕ್ಕ, ಬಣ್ಣದ ಹಿರಿಯರಿಗೆ ಬೈಬಲ್‌ನ ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ಓದಿ ಹೇಳಿ. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಾಗ ಪ್ರೇಷಿತರು, ಅಂದರೆ ಯೇಸುವಿನ ಹನ್ನೆರಡು ಆಪ್ತ ಶಿಷ್ಯರು, ಹಂಚಿಕೆ ನಿಲ್ಲಿಸಲಿಲ್ಲ, ಅದಕ್ಕೆಂದೇ ಏಳು ಜನರನ್ನು ಆರಿಸಲು ಸಭೆಗೆ ಹೇಳಿ ಅವರನ್ನು ನೇಮಿಸಿದರು. ಪಟ್ಟಿಯಿಂದ ಜನ ಬಿಟ್ಟುಹೋಗುವುದು ಅಂದಿನಿಂದಲೂ ಇದೆ!

ಮಂಡಿ ಮೊಹಲ್ಲಾದವಳು:
ಶುಲ್ಕದ ಯೋಚನೆ ನಮಗೆ ಯಾರಿಗೂ ಬಂದಿರಲಿಲ್ಲ. ಭಾನುವಾರ ಪೂಜೆಯ ನಂತರ ಫಾದರ್ ಮುಂದೆ ಇಡುತ್ತೇನೆ. ಒಂದು ತೊಡಕು: ಆ ಮನೆಯವರು ಕ್ರೈಸ್ತರಲ್ಲ, ಗಂಡ ಬಹಳ ಸ್ವಾಭಿಮಾನಿ. ಹಣವನ್ನು ಕೈಗೆ ಕೊಡದೆ ಶುಲ್ಕವನ್ನೇ ನೇರವಾಗಿ ಕಟ್ಟಿಬಿಟ್ಟರೆ ಒಪ್ಪಬಹುದು. ಸರ್, ವ್ಯಾಪಾರವೇ ನಡೆಯದ ತಿಂಗಳುಗಳಿಗೂ ರಿಟರ್ನ್ ಬೇಕೇ?

ತೆರಿಗೆ ಸಲಹೆಗಾರ, ಮಂಡ್ಯ:
ಬೇಕು, ಶೂನ್ಯ ರಿಟರ್ನ್. ನೋಂದಣಿಗೆ ಕೊಟ್ಟಿದ್ದ ಮೊಬೈಲ್ ಸಂಖ್ಯೆ ಈಗಲೂ ಚಾಲ್ತಿಯಲ್ಲಿದೆಯೇ, ಅದನ್ನು ಮೊದಲು ವಿಚಾರಿಸಿ. ಒಟಿಪಿ ಅದಕ್ಕೇ ಬರುತ್ತದೆ.