ಪದಚರ್ಚೆ: ‘ಗಡೀಪಾರು’ ಹೊಂದುತ್ತಿಲ್ಲ, ಬೇರೆ ಪದ ತುರ್ತಾಗಿ ಬೇಕು

ಪ್ರಶ್ನೆ:
ನಾಳೆ ಅಚ್ಚಿಗೆ ಹೋಗುವ ಅನುವಾದದಲ್ಲಿ ಒಂದು ಪದ ಸಿಗದೆ ಕುಳಿತಿದ್ದೇನೆ. ಲೇಖನ 930ರಿಂದ 1262ರವರೆಗಿನ ಐಸ್‌ಲ್ಯಾಂಡ್ ಕುರಿತದ್ದು. ಆಲ್ಥಿಂಗ್ ಸಭೆಯಿತ್ತು, ನ್ಯಾಯಾಲಯಗಳಿದ್ದವು. ಅರಸನಿಲ್ಲ, ಪೊಲೀಸರಿಲ್ಲ, ಸೆರೆಮನೆಯಿಲ್ಲ. ತೀರ್ಪನ್ನು ಜಾರಿಗೆ ತರುವ ಹೊಣೆ ಗೆದ್ದವನದೇ. ಕೈಲಾಗದವನು ದಾವೆಯ ಹಕ್ಕನ್ನೇ ಬಲಿಷ್ಠನೊಬ್ಬನಿಗೆ ವಹಿಸಿಕೊಡಬಹುದಿತ್ತು. ಕೊಲೆಯೂ ಎಷ್ಟೋ ಸಲ ಪರಿಹಾರ ಕೊಟ್ಟು ರಾಜಿಯಾಗುತ್ತಿತ್ತು. ಆಗದಿದ್ದರೆ ‘ಸ್ಕೋಗ್‌ಗಾಂಗುರ್’: ಆಸ್ತಿ ಮುಟ್ಟುಗೋಲು, ಅಪರಾಧಿಗೆ ಯಾರೂ ಅನ್ನ, ಆಸರೆ ಕೊಡುವಂತಿಲ್ಲ, ಹಡಗು ಹತ್ತಿಸುವಂತಿಲ್ಲ, ಕೊಂದರೆ ಕೇಳುವವರಿಲ್ಲ. ‘ಗಡೀಪಾರು’ ಎಂದು ಬರೆದಿದ್ದೆ. ಸಂಪಾದಕರು ಕೆಂಪು ಸುತ್ತು ಹಾಕಿ ಮರಳಿಸಿದ್ದಾರೆ.

ಉತ್ತರ:
ಸುತ್ತು ಹಾಕಿದ್ದು ಸರಿ. ನಿಮ್ಮವನು ಗಡಿ ದಾಟುವಂತೆಯೇ ಇಲ್ಲವಲ್ಲ. ನನ್ನ ತಕರಾರು ಅದಕ್ಕಿಂತ ಮೊದಲಿನದು: ‘ಪಾರು’ ಸಂಸ್ಕೃತದ ಸಾಲ. ‘ಕಟ್ಟಳೆಗೇಡಿ’ ಎನ್ನಿ. ‘ಪರಿಹಾರ’ವನ್ನೂ ಕೈಬಿಡಿ, ನಮ್ಮ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಅಚ್ಚಗನ್ನಡ ಪದವಿದೆ.

ಮತ್ತೊಬ್ಬರು:
ಎರಡೂ ನಡೆಯುವುದಿಲ್ಲ. ಕಟ್ಟಳೆಗೇಡಿ ಎಂದರೆ ಕಟ್ಟಳೆಯನ್ನು ಬಿಟ್ಟವನು. ಇಲ್ಲಿ ಕಟ್ಟಳೆಯೇ ಅವನನ್ನು ಬಿಟ್ಟಿದೆ. ನೆತ್ತರುಗೊಡಗೆ ಕಾದಿ ಸತ್ತ ವೀರನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ, ಕೊಂದವನು ತೆತ್ತದ್ದಲ್ಲ. ಒಂದು ವೀರಗಲ್ಲನ್ನಾದರೂ ನಿಂತು ಓದಿದ್ದರೆ ಈ ಸಲಹೆ ಬರುತ್ತಿರಲಿಲ್ಲ. ಇನ್ನು ಸಾಲದ ಮಾತು. ಕಾನೂನಿನ ಆಸರೆ ಕಳೆದುಕೊಂಡವನಿಗೆ ಇಂಗ್ಲಿಷಿನಲ್ಲಿರುವ ‘ಔಟ್‌ಲಾ’, ಅಷ್ಟೇಕೆ, ಕಾನೂನು ಎನ್ನುವ ಬರಿಯ ‘ಲಾ’ ಕೂಡ ಇದೇ ನಾರ್ಸ್ ಜನರಿಂದ, ಎಂದರೆ ಹಳೆಯ ಸ್ಕ್ಯಾಂಡಿನೇವಿಯಾದವರಿಂದ, ತಂದದ್ದು. ಅವರು ಅದನ್ನು ಹಿಂತಿರುಗಿಸಲು ಹೊರಟಿಲ್ಲ. ನಮ್ಮ ‘ಕಾನೂನು’ ಅರಬ್ಬಿಯದು, ಅರಬ್ಬಿಗೆ ಗ್ರೀಕಿನಿಂದ ಬಂದದ್ದು. ಯಾರಿಗೆ ಹಿಂತಿರುಗಿಸುತ್ತೀರಿ?

ಕೇಳಿದ ಪದಕ್ಕೆ ಬರುತ್ತೇನೆ. ‘ಸ್ಕೋಗ್’ ಕಾಡು, ‘ಗಾಂಗುರ್’ ಹೋಗುವಿಕೆ. ಬೀದಿಪಾಲು, ನೀರುಪಾಲು ಇರುವ ಭಾಷೆಯಲ್ಲಿ ‘ಕಾಡುಪಾಲು’ ಎನ್ನಲು ಸಮಿತಿ ಕೂರಬೇಕೇ?

ಮೊದಲು ಉತ್ತರಿಸಿದವರು:
‘ಪಾಲು’ ಕನ್ನಡವೇ. ಆಕ್ಷೇಪವಿಲ್ಲ. ವೀರಗಲ್ಲುಗಳನ್ನು ನಾನು ಓದಿದ್ದೇನೆ.

ಪ್ರಶ್ನೆ ಕೇಳಿದವರು:
‘ಕಾಡುಪಾಲು’ ಹಾಕಿ ಕಳಿಸಿದೆ. ಮೂರು ವರ್ಷ ಪರದೇಶದಲ್ಲಿದ್ದು ಮರಳಬಹುದಾದ ಕಿರಿಯ ಶಿಕ್ಷೆಯೊಂದೂ ಅಲ್ಲಿತ್ತು. ಅದಕ್ಕೆ ‘ಗಡೀಪಾರು’ ಉಳಿಸಿಕೊಂಡಿದ್ದೇನೆ, ‘ಪಾರು’ ಸಮೇತ.