ಟ್ಯಾಪೆಟ್ ‘ಟೈಟ್ ಮಾಡು’ ಎಂದು ಬರೆಯಬಹುದೇ? ಜೊತೆಗೆ ಪ್ಯಾಕಿಂಗ್, ಸೋರು, ಜಿನುಗು

ಪ್ರಶ್ನೆ: ಬೈಕಿನ ಹೆಡ್ ಕವರ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಮುಚ್ಚಳದಡಿ ಆಯಿಲ್ ಸೋರದಂತೆ ಇಡುವ ಪಟ್ಟಿ) ಬದಲಿಸಿ ಟ್ಯಾಪೆಟ್ ಸೆಟ್ ಮಾಡುವ, ಎಂದರೆ ವಾಲ್ವಿನ ಕ್ಲಿಯರೆನ್ಸ್ ಹೊಂದಿಸುವ ಬಗೆಯನ್ನು ಮನೆಯಲ್ಲೇ ಕೆಲಸ ಮಾಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ಕಡೆ ಪದ ತಡೆಯುತ್ತಿದೆ. ‘ಗ್ಯಾಸ್ಕೆಟ್’ ಎನ್ನಲೇ, ‘ಪ್ಯಾಕಿಂಗ್’ ಎನ್ನಲೇ? ಆಯಿಲ್ ‘ಸೋರುತ್ತಿದೆ’ ಎಂದರೆ ಸಾಕೇ? ವಾಲ್ವಿನ ಕ್ಲಿಯರೆನ್ಸಿಗೆ ‘ಕವಾಟದ ತೆರಪು’ ಎಂದರೆ ಸ್ಪ್ಯಾನರ್ ಹಿಡಿದವರಿಗೆ ತಿಳಿಯುತ್ತದೆಯೇ, ಇಲ್ಲಾ ‘ಟ್ಯಾಪೆಟ್ ಟೈಟ್ ಮಾಡು’ ಎಂಬ ಬಳಕೆಯ ಮಾತನ್ನೇ ಇಡಬಹುದೇ? ಬಲ್ಲವರು ತಿಳಿಸಬೇಕು.

ಉತ್ತರ: ಕೊನೆಯದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿ ಪದ ತಪ್ಪಿದರೆ ಎಂಜಿನ್ನೇ ಕೆಡುತ್ತದೆ. ‘ಟೈಟ್ ಮಾಡು’ ಎಂಬುದನ್ನು ದಯವಿಟ್ಟು ಬರೆಯಬೇಡಿ. ಗ್ಯಾರೇಜಿನಲ್ಲಿ ಈ ಒಂದು ಮಾತು ಎರಡು ಕೆಲಸ ಮಾಡುತ್ತದೆ: ಹೊಂದಿಸಿದ ಸ್ಕ್ರೂ ಕದಲದಂತೆ ಹಿಡಿಯುವ ಚೆಕ್ ನಟ್ ಬಿಗಿಯುವುದಕ್ಕೂ ಅದೇ, ರಾಕರ್ (ವಾಲ್ವನ್ನು ಒತ್ತಿ ತೆರೆಯುವ ತೋಳು) ಮತ್ತು ವಾಲ್ವಿನ ತುದಿಯ ನಡುವಿನ ಸಂದನ್ನು ಕಿರಿದು ಮಾಡುವುದಕ್ಕೂ ಅದೇ. ಮೇಸ್ತ್ರಿಗೆ ಯಾವುದು ಯಾವುದೆಂದು ಕೈಗೆ ಗೊತ್ತು. ಓದಿ ಕಲಿಯುವವನಿಗೆ ಗೊತ್ತಿಲ್ಲ. ಹೆಡ್ಡಿನಿಂದ ಟಿಕ್ ಟಿಕ್ ಸದ್ದು ಬಂದರೆ ಅವನು ಸದ್ದು ಅಡಗುವ ತನಕ ಸ್ಕ್ರೂ ತಿರುಗಿಸುತ್ತಾನೆ. ಸಂದು ಇಲ್ಲವಾದರೆ ಎಂಜಿನ್ ಬಿಸಿಯಾದಾಗ ವಾಲ್ವು ಹಿಗ್ಗಿ, ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಉರಿದ ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವು ತನ್ನ ಬಿಸಿಯನ್ನು ಬಹುಪಾಲು ಬಿಟ್ಟುಕೊಡುವುದು ಸೀಟಿನ (ಹೆಡ್ಡಿನಲ್ಲಿ ವಾಲ್ವು ಕೂರುವ ಉಂಗುರದ) ಮೇಲೆ ಕೂತಿರುವ ಗಳಿಗೆಯಲ್ಲಿ. ಕೂರದಿದ್ದರೆ ಅಂಚು ಸುಡುತ್ತದೆ, ಕಂಪ್ರೆಷನ್ ಇಳಿಯುತ್ತದೆ, ಕಿಕ್ ಹೊಡೆದರೂ ಗಾಡಿ ಹತ್ತುವುದಿಲ್ಲ. ಸಂದು ತುಸು ಹೆಚ್ಚಾದರೆ ಸದ್ದು. ಕಡಿಮೆಯಾದರೆ ಸದ್ದಿಲ್ಲದ ಹಾನಿ. ಓಡಿದಂತೆಲ್ಲ ವಾಲ್ವು ಸೀಟಿನೊಳಕ್ಕೆ ಇಳಿದು ಸಂದು ತಾನಾಗಿ ಕಿರಿದಾಗುವುದೂ ಉಂಟು. ಹಾಗಾಗಿ ‘ಸದ್ದಿಲ್ಲ, ನೋಡುವುದು ಬೇಡ’ ಎನ್ನುವಂತಿಲ್ಲ.

ಹಾಗಾದರೆ ಏನೆನ್ನಬೇಕು? ‘ಸಂದು’ ನನ್ನ ಆಯ್ಕೆ. ‘ತೆರಪು’ ಒಳ್ಳೆಯ ಪದವೇ, ಆದರೆ ಅದು ಕಣ್ಣಿಗೆ ಕಾಣುವಷ್ಟು ದೊಡ್ಡ ಜಾಗವನ್ನು, ಬಿಡುವನ್ನು ನೆನಪಿಸುತ್ತದೆ. ‘ಅಂತರ’ ಇನ್ನೂ ದೂರ. ಹಲ್ಲಿನ ಸಂದು, ಬಾಗಿಲ ಸಂದು ಎನ್ನುವಾಗಿನ ಇಕ್ಕಟ್ಟು ಇಲ್ಲಿ ಸರಿಯಾಗಿ ಹೊಂದುತ್ತದೆ. ಪಲ್ಸರ್ 150ರಲ್ಲಿ ಇನ್‌ಟೇಕಿಗೆ ಇರುವುದೇ 0.05 ಮಿ.ಮೀ., ಎಕ್ಸಾಸ್ಟಿಗೆ 0.10 ಮಿ.ಮೀ. ಎಕ್ಸಾಸ್ಟ್ ಹೆಚ್ಚು ಕಾಯುವುದರಿಂದ ಹೆಚ್ಚು ಹಿಗ್ಗುತ್ತದೆ, ಅದಕ್ಕೇ ದುಪ್ಪಟ್ಟು. ಬೇರೆ ಗಾಡಿಗಳ ಅಳತೆ ಬೇರೆ, ಆಯಾ ಕೈಪಿಡಿಯದನ್ನೇ ಕೊಡಿ. ‘ಬಿಗಿ’ ಎಂಬುದನ್ನು ನಟ್ಟು ಬೋಲ್ಟಿಗೆ ಮಾತ್ರ ಮೀಸಲಿಡಿ. ಸಂದನ್ನು ‘ಹೊಂದಿಸಿ’, ‘ಕಿರಿದು ಮಾಡಿ’, ‘ಹಿಗ್ಗಿಸಿ’ ಎನ್ನಿ.

‘ಕವಾಟ’ ಹೃದಯದ ಪಾಠದಲ್ಲಿ ಗಟ್ಟಿಯಾಗಿ ನಿಂತ ಪದ. ಎಂಜಿನ್ನಿನ ಬಳಿ ‘ವಾಲ್ವು’ ಸಾಕು. ಸೈಕಲ್ ಅಂಗಡಿಯ ‘ವಾಲ್ ಟ್ಯೂಬ್’ ಕಾಲದಿಂದ ಅದು ನಮ್ಮದೇ ಆಗಿದೆ. ‘ಟ್ಯಾಪೆಟ್’ ಮೂಲದಲ್ಲಿ ಕ್ಯಾಮಿನ (ತಿರುಗುತ್ತ ವಾಲ್ವುಗಳನ್ನು ತೆರೆಸುವ ಉಬ್ಬಿನ) ಒತ್ತನ್ನು ಮುಂದಕ್ಕೆ ದಾಟಿಸುವ ಬಿಡಿಭಾಗದ ಹೆಸರು. ಪಲ್ಸರ್‌ನಂಥ ಎಂಜಿನ್ನಿನಲ್ಲಿ ಕ್ಯಾಮ್ ನೇರ ರಾಕರನ್ನೇ ತಳ್ಳುತ್ತದೆ, ಪ್ರತ್ಯೇಕ ಟ್ಯಾಪೆಟ್ ಇಲ್ಲ. ಆದರೂ ಗ್ಯಾರೇಜಿನಲ್ಲಿ ಆ ಸ್ಕ್ರೂವೂ ಟ್ಯಾಪೆಟ್ಟೇ, ಸಂದೂ ಟ್ಯಾಪೆಟ್ಟೇ. ನೀವು ‘ಟ್ಯಾಪೆಟ್ ಸ್ಕ್ರೂ’, ‘ಟ್ಯಾಪೆಟ್ ಸಂದು’ ಎಂದು ಜೋಡಿಸಿ ಬರೆದರೆ ಗೊಂದಲ ಕಳೆಯುತ್ತದೆ. ಸಂದನ್ನು ಅಳೆಯುವ ತೆಳು ಬ್ಲೇಡುಗಳ ‘ಫಿಲ್ಲರ್ ಗೇಜ್’ ಸರಿಯಾಗಿ ಹೇಳಿದರೆ ‘ಫೀಲರ್’, ಮುಟ್ಟಿ ಅರಿಯುವುದು ಎಂಬ ಅರ್ಥ. ಅಂಗಡಿಯಲ್ಲಿ ಕೇಳುವ ಹೆಸರು ಫಿಲ್ಲರ್ ಆದ್ದರಿಂದ ಅದನ್ನೇ ಇಡಿ.

ಇನ್ನು ಪ್ಯಾಕಿಂಗ್. ಬಿಡಿಭಾಗದ ಅಂಗಡಿಯಲ್ಲಿ ಇದೇ ನಡೆಯುವ ಮಾತು, ಇದನ್ನೇ ಬಳಸಿ. ಆದರೆ ‘ಕವರ್’ ಎಂಬುದನ್ನು ಎಲ್ಲೂ ಬಿಡಬೇಡಿ. ‘ಹೆಡ್ ಪ್ಯಾಕಿಂಗ್’ ಎಂದರೆ ಹೆಡ್ಡು ಮತ್ತು ಸಿಲಿಂಡರ್ ನಡುವಿನದು, ಹೆಡ್ಡನ್ನೇ ಕಳಚಬೇಕಾದ ದೊಡ್ಡ ಕೆಲಸ. ‘ಹೆಡ್ ಕವರ್ ಪ್ಯಾಕಿಂಗ್’ ಮೇಲಿನ ಮುಚ್ಚಳದ ರಬ್ಬರು. ಮೇಲಿನಿಂದ ಇಳಿದ ಆಯಿಲ್ ಫಿನ್ನುಗಳ ಮೇಲೆ ಹರಡಿದಾಗ ಎರಡು ಪ್ಯಾಕಿಂಗಿನ ಸೋರಿಕೆಯೂ ಒಂದೇ ಥರ ಕಾಣುತ್ತದೆ. ಒರೆಸಿ, ಒಣಗಿಸಿ, ಮುಖದ ಪೌಡರ್ ತೆಳ್ಳಗೆ ಉದುರಿಸಿ ಹತ್ತು ನಿಮಿಷ ಎಂಜಿನ್ ಓಡಿಸಿದರೆ, ಪೌಡರ್ ಮೊದಲು ಕಪ್ಪಾಗುವ ಎಲ್ಲಕ್ಕಿಂತ ಮೇಲಿನ ಜಾಗವೇ ಮೂಲ.

ಇಲ್ಲಿಯೇ ಕನ್ನಡದ ಕ್ರಿಯಾಪದಗಳು ಕೆಲಸಕ್ಕೆ ಬರುತ್ತವೆ. ಅಂಚಿನಲ್ಲಿ ತೇವ ಕಂಡು ಧೂಳು ಅಂಟಿದ್ದರೆ ‘ಜಿನುಗು’ ಅಥವಾ ‘ಒಸರು’. ನೆಲಕ್ಕೆ ಹನಿ ಬಿದ್ದರೆ ‘ತೊಟ್ಟಿಕ್ಕು’. ಆಯಿಲ್ ಮಟ್ಟವೇ ಇಳಿಯುತ್ತಿದ್ದರೆ ‘ಸೋರು’. ಜಿನುಗುವುದಕ್ಕೆ ಒಣಗಿ ಗಡುಸಾದ ರಬ್ಬರೇ ಹೆಚ್ಚಾಗಿ ಕಾರಣ. ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಸೋರಿದರೆ ಬ್ರೀದರ್ ಪೈಪು ಕಟ್ಟಿದೆಯೇ ನೋಡಲು ಹೇಳಿ. ಒಳಗಿನ ಒತ್ತಡ ಹೊರಹೋಗಲು ದಾರಿಯಿಲ್ಲದೆ ಆಯಿಲನ್ನು ಅಂಚಿನಿಂದ ನೂಕುತ್ತದೆ. ಅನೇಕರು ಆಗ ಬೋಲ್ಟನ್ನು ಇನ್ನಷ್ಟು ತಿರುವುತ್ತಾರೆ. ಎಂ6 ಬೋಲ್ಟಿಗೆ 10 ನ್ಯೂಟನ್-ಮೀಟರ್ ಹತ್ತಿರ ಸಾಕು. ಮೀರಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಬರುತ್ತದೆ. ಬೋಲ್ಟಿನಡಿಯ ರಬ್ಬರ್ ವಾಷರುಗಳನ್ನೂ ಜೊತೆಗೇ ಬದಲಿಸಬೇಕು. ಪೇಸ್ಟ್ ಮೆತ್ತುವುದು ಬೇಡ: ಒಳಕ್ಕೆ ಉಕ್ಕಿದ ಪೇಸ್ಟು ಕಳಚಿ ಆಯಿಲ್ ಜಾಲರಿಗೆ ಹೋಗಿ ಕೂರುತ್ತದೆ.

ಸಂದಿನಲ್ಲಿ ಗೇಜಿನ ಬ್ಲೇಡಿನ ಬಿಗುವನ್ನು ಹೇಳಲು ‘ಹಿಡಿದು ಹಿಡಿದು ಬರಬೇಕು’ ಎಂಬುದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ. ಪಲ್ಸರ್ 150ಕ್ಕಾದರೆ ಆ ಭಾಗವನ್ನು ಹೀಗೆ ಬರೆದು ನೋಡಿ:

“ರಾತ್ರಿಯಿಡೀ ಆರಿದ ಎಂಜಿನ್ನಿನ ಪ್ಲಗ್ ಬಿಚ್ಚಿ, ಟಾಪ್ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸುತ್ತ ಮ್ಯಾಗ್ನೆಟ್ಟಿನ ‘ಟಿ’ ಗುರುತನ್ನು (ಪಿಸ್ಟನ್ ತುತ್ತತುದಿಗೆ ಬಂದುದನ್ನು ತೋರುವುದು) ಕವರಿನ ಗುರುತಿಗೆ ಕೂಡಿಸಿ. ಎರಡೂ ರಾಕರುಗಳು ಕೈಗೆ ತುಸು ಅಲುಗಬೇಕು. ಅಲುಗದಿದ್ದರೆ ಕ್ರ್ಯಾಂಕನ್ನು ಇನ್ನೊಂದು ಸುತ್ತು ತಿರುಗಿಸಿ. ಇನ್‌ಟೇಕ್ ಸಂದಿಗೆ 0.05ರ ಬ್ಲೇಡು ಹಾಕಿ. ಎಳೆದಾಗ ಹಿಡಿದು ಹಿಡಿದು ಬರುವಂತೆ ಸ್ಕ್ರೂ ಹೊಂದಿಸಿ, ಸ್ಕ್ರೂ ಕದಲದಂತೆ ಹಿಡಿದು ಚೆಕ್ ನಟ್ ಬಿಗಿಯಿರಿ. ಬಿಗಿಯುವಾಗ ನಟ್ಟು ಸ್ಕ್ರೂವನ್ನೂ ಎಳೆದುಕೊಳ್ಳುವುದರಿಂದ ಬ್ಲೇಡು ಮತ್ತೆ ಹಾಕಿ ನೋಡಿ. ಎಕ್ಸಾಸ್ಟಿಗೂ 0.10ರ ಬ್ಲೇಡಿನಿಂದ ಹೀಗೆಯೇ ಮಾಡಿ. ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ಎರಡು ಸಂದನ್ನೂ ಇನ್ನೊಮ್ಮೆ ಅಳೆದ ಮೇಲೆ ಕವರ್ ಮುಚ್ಚಿ.”