ಪದ ಬೇಕು: ಬಿದ್ದರೂ ಮೀಸೆ ಮಣ್ಣಾಗದ ನಗೆಗೆ

ಎಲ್ಲರಿಗೂ ನಮಸ್ಕಾರ.

ಶಿರಸಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಮಕ್ಕಳು ಒಂದು ಕೈಬರಹದ ಪತ್ರಿಕೆ ಮಾಡುತ್ತಾರೆ. ಅದಕ್ಕೆ ‘ಟಾಮ್ ಅಂಡ್ ಜೆರ್ರಿ’ ಬಗ್ಗೆ ಎರಡು ಪುಟ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟೆ. 1940ರಲ್ಲಿ ಹುಟ್ಟಿದ ಬೆಕ್ಕು, ಇಲಿ ಇವತ್ತಿನ ಮಕ್ಕಳನ್ನೂ ಯಾಕೆ ನಗಿಸುತ್ತವೆ ಅನ್ನೋದು ವಿಷಯ. ಬರೆಯಲು ಕೂತರೆ ಎರಡು ಪದ ಕಾಲಿಗೆ ತೊಡರಿಕೊಂಡವು. ಒಂದು ‘ಚೇಸ್’, ಇನ್ನೊಂದು ‘ಸ್ಲ್ಯಾಪ್‌ಸ್ಟಿಕ್’, ಅಂದರೆ ಬಿದ್ದು, ಪೆಟ್ಟು ತಿಂದು ನಗಿಸುವ ಹಾಸ್ಯ. ಮೊದಲನೆಯದಕ್ಕೆ ನಮ್ಮಲ್ಲಿ ಪದ ಜಾಸ್ತಿಯಾಗಿ ತೊಂದರೆ. ಎರಡನೆಯದಕ್ಕೆ ಇಲ್ಲದೇ ತೊಂದರೆ.

ಚೇಸ್‌ಗೆ ‘ಬೆನ್ನಟ್ಟು’ ಇದೆಯಲ್ಲ ಅನ್ನುತ್ತೀರಿ. ಇದೆ. ಆದರೆ ಪೇಪರಿನಲ್ಲಿ ಪೊಲೀಸರು ಕಳ್ಳನನ್ನು ಬೆನ್ನಟ್ಟುತ್ತಾರೆ, ಮುಂದಿನ ಸಾಲಿನಲ್ಲಿ ಹಿಡಿಯುತ್ತಾರೆ. ಬೆನ್ನಟ್ಟಿದ ಮೇಲೆ ಹಿಡಿಯದಿದ್ದರೆ ಆ ಪದಕ್ಕೇ ಅವಮಾನ. ಟಾಮ್ ಹಿಡಿಯೋದೇ ಅಪರೂಪ, ಹಿಡಿದರೂ ಉಳಿಸಿಕೊಳ್ಳೋದಿಲ್ಲ. ‘ಅಟ್ಟಿಸಿಕೊಂಡು ಹೋಗು’ ಸರಿಯಾಗಿ ಕೂರುತ್ತದೆ. ಆದರೆ ‘ಅಟ್ಟಿಸಿಕೊಂಡು ಹೋಗುವ ಕಾರ್ಟೂನು’ ಅಂತ ಹೇಳಿ ಮುಗಿಸುವಷ್ಟರಲ್ಲಿ ಇಲಿ ಬಿಲ ಸೇರಿರುತ್ತದೆ. ಕಾರವಾರದ ಗೆಳೆಯನೊಬ್ಬ ಕೊಂಕಣಿಯಲ್ಲಿ ‘ಪಾಟ್ಲಾವ್’ ಅನ್ನುತ್ತಾನೆ. ಅಲ್ಲೂ ‘ಪಾಟ್’ ಅಂದರೆ ಬೆನ್ನು. ಎರಡು ಭಾಷೆಯಲ್ಲೂ ಓಡುವವನ ಬೆನ್ನೇ ಕಾಣೋದು, ನೋಡಿ.

ನನಗೆ ಬೇಕಾದ ಪದ ಕೊಟ್ಟವಳು ಆಯಿ. ಹೋದ ವಾರ ಸಂಜೆ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದಳು. ಅಣ್ಣನ ಮಗ ಟಿವಿ ಎದುರು ಕೂತಿದ್ದ. ಆಯಿಗೆ ಇಂಗ್ಲಿಷ್ ಬಾರದು. ಈ ಕಾರ್ಟೂನಿಗೆ ಅದು ಬೇಕಾಗಿಯೂ ಇಲ್ಲ, ಟಾಮ್ ಮಾತಾಡೋದೇ ಕಡಿಮೆ. ಕತ್ತಿಗೆ ಅಡಿಕೆ ಒತ್ತುತ್ತಾ, ಕಣ್ಣು ಮಾತ್ರ ಟಿವಿಯ ಕಡೆ. ಸ್ವಲ್ಪ ಹೊತ್ತಿಗೆ ಅಂದಳು: “ಆ ಬೆಕ್ಕು ಎಷ್ಟೊತ್ತಿಂದ ಬೆರ್ಸ್ತಾ ಇದ್ದು! ಒಂದ್ಸಲನೂ ಸಿಕ್ಕಿದ್ದಿಲ್ಲೆ.”

ಬೆರ್ಸೋದು! ನಾಯಿ ಬೆರ್ಸುತ್ತದೆ, ತೋಟಕ್ಕೆ ನುಗ್ಗಿದ ದನವನ್ನು ನಾವು ಬೆರ್ಸುತ್ತೇವೆ, ಮಕ್ಕಳು ಒಬ್ಬರನ್ನೊಬ್ಬರು ಬೆರ್ಸುತ್ತಾರೆ. ಕುಂದಾಪುರದ ಕಡೆಯವರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಹಿಡಿಯಲೇಬೇಕು ಅನ್ನೋ ಹಟ ಈ ಪದದಲ್ಲಿಲ್ಲ. ಓಡಿಸೋದೇ ಮುಖ್ಯ. ಹಾಗಾಗಿ ‘ಬೆರ್ಸಾಟದ ಕಾರ್ಟೂನು’ ಅಂತ ಬರೆದೆ. ಬೆಂಗಳೂರಿನ ಅತ್ತಿಗೆ ಓದಿ, “ಬೆಕ್ಕನ್ನು ಯಾವುದಕ್ಕೆ ಬೆರೆಸುತ್ತಿದ್ದೀರಿ?” ಅಂದರು. ನನ್ನ ಮೊದಲ ಪ್ರಶ್ನೆ ಇದೇ: ಬಯಲುಸೀಮೆಯಲ್ಲಿ ಇರುವವರಿಗೆ ಈ ಅರ್ಥ ತಟ್ಟನೆ ಹೊಳೆಯುತ್ತದೆಯೇ? ಅಂಕೋಲಾ, ಭಟ್ಕಳದವರು ಇದನ್ನು ಹೇಗೆ ಉಚ್ಚರಿಸುತ್ತೀರಿ?

ಈಗ ಸ್ಲ್ಯಾಪ್‌ಸ್ಟಿಕ್. ‘ಒರಟು ಹಾಸ್ಯ’ ಅಂದರೆ ಬೈದ ಹಾಗೆ. ‘ಅಗ್ಗದ ಹಾಸ್ಯ’ ಅಂದರೆ ಇನ್ನೂ ಕೆಟ್ಟದು. ‘ಹೊಡೆದಾಟದ ಹಾಸ್ಯ’ ಅಂದರೆ ಸಿನಿಮಾದ ಫೈಟಿಂಗ್ ನೆನಪಾಗುತ್ತದೆ. ಸ್ಲ್ಯಾಪ್‌ಸ್ಟಿಕ್ ಅನ್ನೋದು ಮೊದಲು ಒಂದು ವಸ್ತುವಿನ ಹೆಸರು. ಇಟಲಿಯ ಹಳೇ ನಗೆನಾಟಕಗಳಲ್ಲಿ ವಿದೂಷಕನ ಕೈಯಲ್ಲಿ ಎರಡು ತೆಳು ಪಟ್ಟಿ ಸೇರಿಸಿದ ಕೋಲು ಇರುತ್ತಿತ್ತು. ಮೆಲ್ಲಗೆ ಬಡಿದರೂ ಪಟ್ಟಿಗಳು ಒಂದಕ್ಕೊಂದು ತಾಗಿ ಫಟಾರ್ ಅನ್ನುತ್ತಿತ್ತು. ಸದ್ದು ದೊಡ್ಡದು, ಪೆಟ್ಟು ಸಣ್ಣದು. ಗುಟ್ಟೆಲ್ಲ ಇರೋದು ಅಲ್ಲೇ.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಪ್ಪಯ್ಯನ ಬಿದಿರು. ಒಂದು ತುದಿ ಸೀಳಿ, ಇನ್ನೊಂದು ತುದಿ ಹಾಗೇ ಬಿಟ್ಟ ಬಿದಿರು. ತೋಟದಲ್ಲಿ ಮಂಗ ಬಂದರೆ ಅದನ್ನು ಅಲ್ಲಾಡಿಸುತ್ತಿದ್ದರು. ಸೀಳುಗಳು ಬಡಿದುಕೊಂಡು ಆಚೆ ಗುಡ್ಡದವರೆಗೂ ಕೇಳುತ್ತಿತ್ತು. ಒಂದು ಮಂಗಕ್ಕೂ ಯಾವತ್ತೂ ಪೆಟ್ಟಾಗಿಲ್ಲ. ನಮ್ಮ ಮನೆಯಲ್ಲಿ ಅದನ್ನು ‘ಆ ಬಿದಿರು’ ಅನ್ನುತ್ತಿದ್ದರು, ಅಷ್ಟೇ. ನಿಮ್ಮ ಕಡೆ ಅದಕ್ಕೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಸ್ಲ್ಯಾಪ್‌ಸ್ಟಿಕ್‌ಗೆ ಅದೇ ಸರಿಯಾದ ಪದ ಅಂತ ನಾನು ಜಗಳಕ್ಕೂ ಸಿದ್ಧ.

ಸದ್ದಿನ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಹ್ಯಾನಾ ಮತ್ತು ಬಾರ್ಬೆರಾ ಜೋಡಿ 1958ರ ತನಕ ಎಂಜಿಎಂ ಸ್ಟುಡಿಯೊಗೆ ಮಾಡಿದ 114 ‘ಟಾಮ್ ಅಂಡ್ ಜೆರ್ರಿ’ ಕಿರುಚಿತ್ರಗಳಲ್ಲಿ ಏಳಕ್ಕೆ ಆಸ್ಕರ್ ಬಂತು. ಟಾಮ್‌ನ ಆ ಪ್ರಸಿದ್ಧ ಕಿರುಚಾಟ ವಿಲಿಯಂ ಹ್ಯಾನಾ ಅವರದೇ ಗಂಟಲಿನದು. ಸಂಗೀತ ಸ್ಕಾಟ್ ಬ್ರಾಡ್ಲಿ ಅವರದು. ಇಲಿ ಹೆಜ್ಜೆ ಇಟ್ಟರೆ ಒಂದು ಸ್ವರ, ಬೆಕ್ಕು ಜಾರಿದರೆ ಇನ್ನೊಂದು. ಟಿವಿಗೆ ಬೆನ್ನು ಹಾಕಿ ಕೂತರೂ ಯಾರು ಬಿದ್ದರು ಅಂತ ಗೊತ್ತಾಗುತ್ತದೆ. ನಮ್ಮ ಯಕ್ಷಗಾನದಲ್ಲಿ ಹಾಸ್ಯಗಾರ ಎಡವಿದಾಗ ಚಂಡೆಯವರು ಮಾಡೋದೂ ಇದೇ ಕೆಲಸ ಅಲ್ವಾ? ಹೊನ್ನಾವರ ಕಡೆಯ ಮೇಳಗಳನ್ನು ಹತ್ತಿರದಿಂದ ಬಲ್ಲವರು ಇಲ್ಲಿದ್ದೀರಿ. ಹಾಸ್ಯಗಾರನ ಆ ಬೀಳುವಿಕೆಗೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಏನಾದರೂ ಹೆಸರಿದೆಯೇ? ಇದ್ದರೆ ಅದು ಬಿದಿರಿಗಿಂತಲೂ ಒಳ್ಳೆಯದು.

ನುಡಿಗಟ್ಟುಗಳನ್ನೂ ತಡಕಾಡಿದೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಇಲ್ಲಿ ಪೂರ್ತಿ ತಲೆಕೆಳಗು, ಅದನ್ನು ಎಲ್ಲರೂ ಬರೆಯುತ್ತಾರೆ, ಬಿಡಿ. ನನಗೆ ಮಜಾ ಅನ್ನಿಸಿದ್ದು ‘ಬಿದ್ದು ಬಿದ್ದು ನಗು’. ಕನ್ನಡದಲ್ಲಿ ಬೀಳುವವನು ನೋಡುಗ! ಆಟದವನು ಬಿದ್ದ, ನೋಡಿದವನೂ ಬಿದ್ದ. ಇನ್ನೊಂದು, ‘ಬಿದ್ದರೂ ಮೀಸೆ ಮಣ್ಣಾಗಲಿಲ್ಲ’. ಸೋತರೂ ಒಪ್ಪದವನನ್ನು ಅಣಕಿಸುವ ಮಾತು ಅದು. ಟಾಮ್‌ಗೆ ಮಾತ್ರ ಅಕ್ಷರಶಃ ಹೊಂದುತ್ತದೆ. ಇಸ್ತ್ರಿಪೆಟ್ಟಿಗೆ ಬಿದ್ದು ಮುಖ ಚಪ್ಪಟೆಯಾಗುತ್ತದೆ, ಮರುಕ್ಷಣ ಮುಖವೂ ಸರಿ, ಮೀಸೆಯೂ ಸರಿ. ಹಾಗಂತ ‘ಮೀಸೆ ಮಣ್ಣಾಗದ ಹಾಸ್ಯ’ ಅಂತ ಬರೆದರೆ ತೀರಾ ಉದ್ದವಾಯಿತಾ?

ಪೆಟ್ಟು ನಿಜವಲ್ಲ ಅನ್ನೋದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು ಅಂತ ನಾನು ನಂಬಿದ್ದೆ. ಅಣ್ಣನ ಮಗ 1949ರಲ್ಲಿ ಬಂದ ರೋಡ್ ರನ್ನರ್ ಕಾರ್ಟೂನಿನ ಭಕ್ತನೂ ಹೌದು. ಅದರಲ್ಲಿ ಕಯೋಟಿ, ಅಂದರೆ ಅಲ್ಲಿಯ ಬಡಕಲು ಕಾಡುನಾಯಿ, ಓಡುತ್ತಾ ಪ್ರಪಾತ ದಾಟಿ ಗಾಳಿಯಲ್ಲಿ ನಿಂತಿರುತ್ತದೆ. ಕೆಳಗೆ ನೋಡಿದ ಮೇಲೇ ಬೀಳೋದು. ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಈ ಮಾಣಿ ಬಸ್ಸಿನ ಕಿಟಕಿಗೆ ಮುಖ ಒತ್ತಿ ಕೇಳಿದ: “ಕೆಳಗೆ ನೋಡದೇ ಇದ್ರೆ ಬೀಳೋದಿಲ್ಲ, ಅಲ್ವಾ?” ನಾನು ಕಿಟಕಿಯ ಗಾಜು ಎಳೆದೆ.

ಪತ್ರಿಕೆಗೆ ಸೋಮವಾರ ಕೊಡಬೇಕು. ಸ್ಲ್ಯಾಪ್‌ಸ್ಟಿಕ್ ಬರಬೇಕಾದ ಕಡೆಯಲ್ಲೆಲ್ಲ ಗೆರೆ ಎಳೆದು ಜಾಗ ಬಿಟ್ಟಿದ್ದೇನೆ. ಒಟ್ಟು ಐದು ಕಡೆ. ನಿನ್ನೆ ನೋಡಿದರೆ ಮಾಣಿ ಐದರಲ್ಲೂ ಪೆನ್ಸಿಲ್‌ನಲ್ಲಿ ‘ಧಡಾರ್’ ಅಂತ ಬರೆದಿಟ್ಟಿದ್ದಾನೆ. ಇನ್ನೂ ಅಳಿಸಿಲ್ಲ.